ಅಕ್ಕೋರ ಎರಡು ದುಡಿಮೆ

2023ರ ಆಗಮನ ಕಾಲದಲ್ಲಿ, ಕ್ರಿಸ್ತಜಯಂತಿಗೆ ಇನ್ನೆರಡು ವಾರಗಳಿರುವಾಗ, ವಾಡಿಕೆಯಂತೆ ನಾವು ಮನೆಭೇಟಿಗೆ ಹೊರಟಿದ್ದೆವು. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ನಮ್ಮ ಕಥೋಲಿಕ ಕುಟುಂಬಗಳು ಒಂದೆಡೆ ಗುಂಪಾಗಿ ನೆಲೆಸಿಲ್ಲ. ಇಲ್ಲೆರಡು ಮನೆ, ಅಲ್ಲಿ ಮೂರು ಮನೆ. ಆದ್ದರಿಂದ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವ ದಾರಿಯೇ ದೊಡ್ಡದು. ಕಬ್ಬು ನುರಿಸುವ ಹಂಗಾಮು. ರಸ್ತೆಯ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರುಗಳು. ಅಂಥ ಒಂದು ಮುಂಜಾನೆ, ಮಕ್ಕಳೆಲ್ಲ ಶಾಲೆಯಲ್ಲಿರಬೇಕಾದ ವೇಳೆಯಲ್ಲಿ, ನಾಲ್ಕು ವರ್ಷದ ಹುಡುಗಿಯೊಬ್ಬಳು ಮನೆಯ ಹೊಸ್ತಿಲ ಮೇಲೆ ಕುಳಿತು ಕಬ್ಬಿನ ತುಂಡನ್ನು ಜಗಿಯುತ್ತಿರುವುದನ್ನು ಕಂಡೆವು. ಹದಿನೈದು ದಿನಗಳಿಂದ ಬಾಲವಾಡಿಗೆ ಹೋಗಿಲ್ಲವೆಂದು ತಿಳಿಯಿತು. ಜ್ವರವಿಲ್ಲ, ಕೆಮ್ಮಿಲ್ಲ. ಕಾರಣ ಕೇಳಿದರೆ ತಾಯಿ ಮೊದಲು ಮಾತಾಡಲಿಲ್ಲ. ಆಮೇಲೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಹೇಳಿದಳು: “ಅಕ್ಕೋರ ರೊಕ್ಕ ಕೊಡೂದು ಬಾಕಿ ಐತ್ರಿ ಫಾದರ್. ಯಾವ ಮಾರಿ ತಗೊಂಡು ಸಾಲಿ ಬಾಗಿಲಿಗೆ ಹೋಗ್ಲಿ?”

ಸಂಗತಿ ಇಷ್ಟು. ಮಗುವಿಗೆ ಪಾಠ ಹೇಳುವ ಅಕ್ಕೋರು ಮನೆಯಲ್ಲಿ ಸೀರೆ, ನೈಟಿಗಳ ವ್ಯಾಪಾರ ಇಟ್ಟುಕೊಂಡಿದ್ದರು. ಬೆಳಗಾವಿಯ ಖಡೇ ಬಜಾರಿನಿಂದ ಗಂಟು ತರುವುದು, ಕಂತಿನ ಮೇಲೆ ಮಾರುವುದು. ದೀಪಾವಳಿಗೆ ಈ ತಾಯಿ ಒಂದು ಸೀರೆಯನ್ನು ಉದ್ರಿ ತೆಗೆದುಕೊಂಡಿದ್ದಳು. ಬೇಕೆಂದು ತೆಗೆದುಕೊಂಡದ್ದಲ್ಲ; ಮಗುವನ್ನು ಕರೆದೊಯ್ಯಲು ಹೋದಾಗ ಅಕ್ಕೋರು ಪ್ರೀತಿಯಿಂದ ಬಿಚ್ಚಿ ತೋರಿಸಿದ್ದರು, ಒಲ್ಲೆನೆನ್ನಲು ಬಾಯಿ ಬರಲಿಲ್ಲ. ಎರಡು ಕಂತು ಕೊಟ್ಟಿದ್ದಳು, ಮೂರನೆಯದು ತಪ್ಪಿತ್ತು. ಬಾಕಿ ಉಳಿದಿದ್ದದ್ದು ಇನ್ನೂರೈವತ್ತು ರೂಪಾಯಿ. ಅಕ್ಕೋರು ಒಮ್ಮೆಯೂ ಗದರಿಸಿರಲಿಲ್ಲ, ಕೇಳಿರಲೂ ಇಲ್ಲ. ಆದರೂ ಆ ಇನ್ನೂರೈವತ್ತು ರೂಪಾಯಿ ಆ ತಾಯಿಗೂ ಶಾಲೆಯ ಬಾಗಿಲಿಗೂ ನಡುವೆ ಗೋಡೆಯಂತೆ ನಿಂತಿತ್ತು. ಅದರ ಈಚೆಗೆ ಉಳಿದದ್ದು ಮಗು.

ಊರು ಯಾವುದೆಂದು ನಾವು ಹೇಳುವುದಿಲ್ಲ. ವಾಚಕರು ಊಹಿಸಲು ಹೋಗುವುದೂ ಬೇಡ. ಏಕೆಂದರೆ ಮೂರೂ ತಾಲ್ಲೂಕುಗಳಲ್ಲಿ ಚಿಕ್ಕ ಮಕ್ಕಳಿಗೆ ಕಲಿಸುತ್ತ ಮನೆಯಲ್ಲೊಂದು ಸಣ್ಣ ವ್ಯಾಪಾರವನ್ನೂ ನಡೆಸುವ ಹೆಣ್ಣುಮಕ್ಕಳು ನಮಗೆ ಪರಿಚಿತರು. ಅಂಗನವಾಡಿಯ ಕಾರ್ಯಕರ್ತೆಯರಿದ್ದಾರೆ, ಖಾಸಗಿ ನರ್ಸರಿಯ ಶಿಕ್ಷಕಿಯರಿದ್ದಾರೆ. ಒಬ್ಬರು ಕಡಕ್ ರೊಟ್ಟಿ ಬಡಿಯುತ್ತಾರೆ, ಒಬ್ಬರು ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಕುಟ್ಟಿ ಪೊಟ್ಟಣ ಕಟ್ಟುತ್ತಾರೆ, ಒಬ್ಬರು ರವಿಕೆ ಹೊಲಿಯುತ್ತಾರೆ, ಇನ್ನೊಬ್ಬರು ಸೀರೆ ಮಾರುತ್ತಾರೆ. ಇವರ ಬಗ್ಗೆ ಮಾತು ಬಂದಾಗಲೆಲ್ಲ ಜನ ಕೇಳುವುದು ಒಂದೇ: ಎರಡಕ್ಕೂ ವೇಳೆ ಹೇಗೆ ಸಾಲುತ್ತದೆ? ಪ್ರಶ್ನೆ ನಿಜವೇ. ಆದರೆ ಆ ಹೊಸ್ತಿಲ ಮೇಲಿನ ಮಗುವನ್ನು ಕಂಡ ಮೇಲೆ, ತೊಡಕು ಗಡಿಯಾರದಲ್ಲಿ ಮಾತ್ರ ಇಲ್ಲವೆಂದು ನಮಗೆ ಮನವರಿಕೆಯಾಯಿತು.

ಮೊದಲು ಈ ಅಕ್ಕೋರುಗಳು ಯಾರೆಂಬುದನ್ನು ನೋಡೋಣ. ಅಂಗನವಾಡಿ ಎಂಬ ಹೆಸರೇ ಅಂಗಳದಿಂದ ಬಂದದ್ದು. ಶಾಲೆಗೆ ಬರಲಾರದ ಬಡಮಕ್ಕಳಿದ್ದಲ್ಲಿಗೇ, ಅವರ ಅಂಗಳಕ್ಕೇ ಶಾಲೆಯನ್ನು ಒಯ್ಯಬೇಕೆಂದು ನೆರೆಯ ಮಹಾರಾಷ್ಟ್ರದ ತಾರಾಬಾಯಿ ಮೋಡಕ್ ಅವರು 1940ರ ದಶಕದಲ್ಲಿ ಬೋರ್ಡಿ ಗ್ರಾಮದಲ್ಲಿ ಅನುತಾಯಿ ವಾಘ್ ಅವರ ಜೊತೆಗೂಡಿ ನಡೆಸಿದ ಪ್ರಯೋಗ ಅದರ ಮೂಲ. 1975ರ ಅಕ್ಟೋಬರ್ 2ರಂದು ಭಾರತ ಸರ್ಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿತು. ನಮ್ಮ ರಾಜ್ಯದಲ್ಲಿ ಅದಕ್ಕೆ ಮೊದಲು ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳುಹಿಸುವುದು, ತಾಯಂದಿರಿಗೆ ತಿಳಿವಳಿಕೆ, ಶಾಲಾಪೂರ್ವ ಶಿಕ್ಷಣ: ಆರು ಸೇವೆಗಳು ಒಬ್ಬ ಹೆಣ್ಣುಮಗಳ ಹೆಗಲಿಗೆ. 2017ರಿಂದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಯರಿಗೆ, ಬಾಣಂತಿಯರಿಗೆ ಬಿಸಿಯೂಟ. 2021ರಿಂದ ಮೊಬೈಲಿನಲ್ಲಿ ಪ್ರತಿ ಮಗುವಿನ ತೂಕ, ಎತ್ತರ ತುಂಬುವ ಕೆಲಸ. ಇಷ್ಟಾದರೂ ಆಕೆ ಪಡೆಯುವುದು ಸಂಬಳವಲ್ಲ, ಗೌರವಧನ. 2018ರ ಅಕ್ಟೋಬರಿನಿಂದ ಕಾರ್ಯಕರ್ತೆಯ ಗೌರವಧನದ ಕೇಂದ್ರದ ಮೊತ್ತ ತಿಂಗಳಿಗೆ 3000 ರೂಪಾಯಿಯಿಂದ 4500 ರೂಪಾಯಿಗೆ, ಸಹಾಯಕಿಯದು 1500ರಿಂದ 2250ಕ್ಕೆ ಏರಿತು. ರಾಜ್ಯ ತನ್ನದನ್ನು ಮೇಲೆ ಕೂಡಿಸುತ್ತದೆ. ಇವರದು ಸರ್ಕಾರಿ ಹುದ್ದೆಯಲ್ಲವೆಂದು ನಮ್ಮ ರಾಜ್ಯದಿಂದಲೇ ಹೋದ ಅಮೀರ್‌ಬಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2006ರಲ್ಲಿ ಹೇಳಿತು. ಅದೇ ನ್ಯಾಯಾಲಯ 2022ರ ಏಪ್ರಿಲ್‌ನಲ್ಲಿ, ಗುಜರಾತಿನ ಮಣಿಬೆನ್ ಪ್ರಕರಣದಲ್ಲಿ, ಇವರಿಗೆ ಗ್ರಾಚ್ಯುಟಿ ಪಡೆಯುವ ಹಕ್ಕಿದೆಯೆಂದು ತೀರ್ಪಿತ್ತಿತು. ಹೀಗೆ ನೌಕರಳೂ ಅಲ್ಲದ, ಅಲ್ಲವೆಂದೂ ಹೇಳಲಾಗದ ನಡುಮನೆಯಲ್ಲಿ ಆಕೆ ನಿಂತಿದ್ದಾಳೆ.

ಖಾಸಗಿ ನರ್ಸರಿಯ ಅಕ್ಕೋರಿಗೆ ಆ ಗೌರವಧನದ ಹೆಸರೂ ಇಲ್ಲ, ಮುಷ್ಕರ ಹೂಡಲು ಸಂಘವೂ ಇಲ್ಲ. ಆಡಳಿತದವರು ಕೊಟ್ಟಷ್ಟೇ ಪಗಾರ. ಆ ವಿಷಯಕ್ಕೆ ಮತ್ತೆ ಬರುತ್ತೇವೆ, ಬರಲೇಬೇಕಾಗಿದೆ.

ಇನ್ನು ಮನೆಯ ವ್ಯಾಪಾರ. ಇದು ನಮ್ಮ ಸೀಮೆಗೆ ಹೊಸದಲ್ಲ. ಗೋಕಾಕವನ್ನು ಹೊರಗಿನವರು ಜಲಪಾತಕ್ಕೆ, ಗಿರಣಿಗೆ, ಕರದಂಟಿಗೆ ನೆನೆಯುತ್ತಾರೆ. ಆದರೆ ಅದೇ ಊರಿನ ಮರದ ಬಣ್ಣದ ಗೊಂಬೆಗಳನ್ನು, ಹಣ್ಣು ಕಾಯಿಗಳನ್ನು ನೋಡಿ. ಹಗುರ ಮರವನ್ನು ಕೆತ್ತಿ, ಬಣ್ಣ ಹಚ್ಚಿ, ಅಂಗಳದಲ್ಲಿ ಒಣಗಿಸುವ ಆ ಕುಶಲ ಕುಟುಂಬಗಳಲ್ಲಿ ಮನೆ ಯಾವುದು, ಕಾರ್ಖಾನೆ ಯಾವುದು ಎಂದು ಗೆರೆ ಎಳೆಯಲು ಬರುವುದಿಲ್ಲ. (ಇಂದು ಎಷ್ಟೋ ಬಾಲವಾಡಿಗಳು ಪ್ಲಾಸ್ಟಿಕ್ಕಿನ ಬಾಳೆಹಣ್ಣು ತೋರಿಸಿ ಪಾಠ ಹೇಳುತ್ತವೆ, ಮಗ್ಗುಲಲ್ಲೇ ಇರುವುದು ಕಣ್ಣಿಗೆ ಬೀಳುವುದಿಲ್ಲ.) 2000ದಲ್ಲಿ ರಾಜ್ಯ ಸರ್ಕಾರ ಸ್ತ್ರೀಶಕ್ತಿ ಯೋಜನೆಯನ್ನು ತಂದಾಗ, ಹಳ್ಳಿಹಳ್ಳಿಯಲ್ಲಿ ಹೆಣ್ಣುಮಕ್ಕಳನ್ನು ಕೂಡಿಸಿ ಉಳಿತಾಯದ ಗುಂಪು ಕಟ್ಟುವ ಹೊಣೆ ಬಿದ್ದದ್ದೂ ಅಂಗನವಾಡಿಯ ಕಾರ್ಯಕರ್ತೆಯ ಮೇಲೆಯೇ. ಎಮ್ಮೆ ಕೊಳ್ಳಿರಿ, ಹಪ್ಪಳ ಮಾಡಿರಿ, ಮಾರಿರಿ ಎಂದು ಊರಿಗೆಲ್ಲ ಹೇಳಿದಾಕೆ ಒಂದು ದಿನ ತಾನೂ ಹಪ್ಪಳ ಮಾಡಲು ಕುಳಿತರೆ ಅಚ್ಚರಿಯೇನು? 1959ರಲ್ಲಿ ಮುಂಬಯಿಯ ಗಿರಗಾಂವಿನಲ್ಲಿ ಏಳು ಮಂದಿ ಹೆಣ್ಣುಮಕ್ಕಳು ಎಂಬತ್ತು ರೂಪಾಯಿ ಸಾಲ ತಂದು ಮಾಳಿಗೆಯ ಮೇಲೆ ಲಿಜ್ಜತ್ ಹಪ್ಪಳ ಲಟ್ಟಿಸಲು ತೊಡಗಿದ ಕತೆಯನ್ನು ಇಲ್ಲಿಯ ಪ್ರತಿ ಗುಂಪಿನ ಸಭೆಯಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ.

ವೇಳೆಯ ಲೆಕ್ಕವನ್ನೂ ನೋಡಿಬಿಡೋಣ. ಜೋಳದ ರೊಟ್ಟಿ ಬಡಿದು, ಹಂಚಿನ ಮೇಲೆ ಹಾಕಿ, ನೀರು ಸವರಿ, ತಿರುವಿ ಬೇಯಿಸಲು ಕೈ ಪಳಗಿದವರಿಗೂ ಎರಡು ನಿಮಿಷ ಬೇಕು. ನೂರು ರೊಟ್ಟಿಗೆ ಮೂರು ಗಂಟೆ ಇಪ್ಪತ್ತು ನಿಮಿಷ. ಕಡಕ್ ಆಗಲು ಮತ್ತೆ ಕಾಯಿಸಿ ಒಣಗಿಸುವುದು ಬೇರೆ. ಒಂಬತ್ತೂವರೆಗೆ ಮಕ್ಕಳ ಮುಂದೆ ನಿಲ್ಲಬೇಕಾದವಳು ಇದನ್ನು ದಿನವೂ ಮಾಡುವುದಾದರೆ ನಾಲ್ಕಕ್ಕೆ ಏಳಬೇಕು. ಮೂರು ವರ್ಷದ ಇಪ್ಪತ್ತು ಮಕ್ಕಳನ್ನು ನೋಡಿಕೊಳ್ಳುವುದೆಂದರೆ ಪುಸ್ತಕ ತೆರೆದು ಕೂರುವ ಕೆಲಸವಲ್ಲ. ಒಂದು ಅಳುತ್ತದೆ, ಒಂದು ಚಡ್ಡಿ ಒದ್ದೆ ಮಾಡಿಕೊಳ್ಳುತ್ತದೆ, ಒಂದು ಬಾಗಿಲ ಕಡೆ ಓಡುತ್ತದೆ. ತೂಕಡಿಸುವ ಅಕ್ಕೋರಿಗೆ ಆ ಮೂರನೆಯ ಮಗು ಕಾಣದೆ ಹೋಗಬಹುದು.

ಗೋಕಾಕದ ಕಡೆಯ ಒಬ್ಬ ಅಕ್ಕೋರು ಇದಕ್ಕೆ ಕಂಡುಕೊಂಡಿರುವ ದಾರಿ ನಮಗೆ ಮೆಚ್ಚುಗೆಯಾಯಿತು. ಅವರು ವಾರದಲ್ಲಿ ಎರಡೇ ಸಂಜೆ, ಭಾನುವಾರ ಪೂಜೆ ಮುಗಿದ ಮೇಲೆ ಅರ್ಧ ದಿನ ರೊಟ್ಟಿ ಬಡಿಯುತ್ತಾರೆ. ಕಡಕ್ ರೊಟ್ಟಿ ಕೆಡದೆ ವಾರಗಟ್ಟಲೆ ಇರುತ್ತದೆ, ಹಿಂಡಿಯೂ ಹಾಗೆಯೇ. ಇಂದು ಮಾಡಿದ್ದು ನಾಳೆ ಮಾರಲೇಬೇಕೆಂಬ ಓಟವಿಲ್ಲ. ಮೊದಲು ಅವರು ಶೇಂಗಾ ಹೋಳಿಗೆ, ಗುಳ್ಳಡಕಿ ಉಂಡಿ, ಬಿಸಿ ಊಟದ ಡಬ್ಬಿ ಎಲ್ಲವನ್ನೂ ಹಚ್ಚಿಕೊಂಡಿದ್ದರಂತೆ. ಡಬ್ಬಿಯವರು ಹನ್ನೆರಡೂವರೆಗೆ ಫೋನ್ ಮಾಡುತ್ತಿದ್ದರು, ಅದೇ ಹೊತ್ತಿಗೆ ಮಕ್ಕಳ ಊಟ. ಎರಡು ತಿಂಗಳಲ್ಲಿ ಡಬ್ಬಿಯನ್ನು ಬಿಟ್ಟರು. “ಮಕ್ಕಳು ಕಾಯೂದಿಲ್ಲ ಫಾದರ್, ರೊಟ್ಟಿ ಕಾಯ್ತಾವ” ಎಂದು ನಕ್ಕರು. ಅವರ ರೊಟ್ಟಿ ಹೋಗುವುದು ಎರಡು ಕಿರಾಣಿ ಅಂಗಡಿಗೆ, ಮದುವೆ ಮನೆಗೆ, ರೊಟ್ಟಿ ಬಡಿಯಲು ಬಾರದ ಬ್ಯಾಂಕು ನೌಕರರ ಮನೆಗೆ. ಶಾಲೆಯ ವೇಳೆಯಲ್ಲಿ ವ್ಯಾಪಾರದ ಫೋನನ್ನು ಅತ್ತೆಯವರು ಎತ್ತುತ್ತಾರೆ. ಆಹಾರ ಸುರಕ್ಷತಾ ನೋಂದಣಿಯನ್ನೂ ಮಾಡಿಸಿದ್ದಾರೆ: 2011ರಲ್ಲಿ ಜಾರಿಗೆ ಬಂದ ನಿಯಮಗಳು ವರ್ಷಕ್ಕೆ 12 ಲಕ್ಷ ರೂಪಾಯಿ ಮೀರದ ವಹಿವಾಟಿನ ಸಣ್ಣ ತಯಾರಕರಿಗೆ ದೊಡ್ಡ ಪರವಾನಗಿಯ ಬದಲು ವರ್ಷಕ್ಕೆ 100 ರೂಪಾಯಿಯ ನೋಂದಣಿಯನ್ನು ಗೊತ್ತುಪಡಿಸಿದವು. ನಮ್ಮ ಎಷ್ಟೋ ಮನೆಗಳಲ್ಲಿ ಇದು ಗೊತ್ತೇ ಇಲ್ಲ. ಕಿರಾಣಿಯವನು ಆ ಸಂಖ್ಯೆ ಇಲ್ಲದ ಪೊಟ್ಟಣವನ್ನು ಹಿಂದಕ್ಕೆ ಕಳುಹಿಸಿದಾಗ ಮಾತ್ರ ಗೊತ್ತಾಗುತ್ತದೆ.

ಈ ಅಕ್ಕೋರಿಗೂ ಸೀರೆಯ ಅಕ್ಕೋರಿಗೂ ವ್ಯತ್ಯಾಸವಿರುವುದು ಶ್ರಮದಲ್ಲಲ್ಲ, ಪ್ರಾಮಾಣಿಕತೆಯಲ್ಲೂ ಅಲ್ಲ. ಸೀರೆಯ ಅಕ್ಕೋರ ದರವೂ ನ್ಯಾಯವಾದದ್ದೇ, ಪೇಟೆಗಿಂತ ಹೆಚ್ಚೇನಿರಲಿಲ್ಲ. ವ್ಯತ್ಯಾಸವಿರುವುದು ಕೊಳ್ಳುವವರು ಯಾರು ಎಂಬುದರಲ್ಲಿ. ರೊಟ್ಟಿ ಬೇಡವಾದರೆ ಬ್ಯಾಂಕಿನವರು ಬೇಡವೆನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಆದರೆ ತನ್ನ ಮಗುವನ್ನು ದಿನಕ್ಕೆ ಆರು ಗಂಟೆ ಯಾರ ಮಡಿಲಲ್ಲಿ ಬಿಟ್ಟು ಕಬ್ಬಿನ ಗದ್ದೆಗೆ ಹೋಗಬೇಕೋ ಅವರಿಗೆ ಬೇಡವೆನ್ನುವುದು ಹೇಗೆ? ಅಕ್ಕೋರ ಮನಸ್ಸಿನಲ್ಲಿ ಏನೂ ಇಲ್ಲದಿರಬಹುದು. ತಾಯಿಯ ಮನಸ್ಸಿನಲ್ಲಿ ಇರುತ್ತದೆ: ಬೇಡವೆಂದರೆ ನಾಳೆ ನನ್ನ ಮಗು ಅತ್ತಾಗ ಎತ್ತಿಕೊಳ್ಳುತ್ತಾರೋ ಇಲ್ಲವೋ!

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುವಾಗ ಅರಿಸ್ಟಾಟಲನ ನೀತಿಶಾಸ್ತ್ರದ ಎಂಟನೆಯ ಪುಸ್ತಕವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆವು. ಸ್ನೇಹವು ಮೂರು ಬಗೆ: ಲಾಭಕ್ಕಾಗಿ, ಸುಖಕ್ಕಾಗಿ, ಸದ್ಗುಣಕ್ಕಾಗಿ. ದೂರುಗಳು ಹುಟ್ಟುವುದು ಬಹುಮಟ್ಟಿಗೆ ಲಾಭದ ಸ್ನೇಹದಲ್ಲಿ, ಅದರಲ್ಲೂ ಒಬ್ಬರು ವಿಶ್ವಾಸದಿಂದ ಕೊಟ್ಟದ್ದೆಂದು ತಿಳಿದು ಇನ್ನೊಬ್ಬರು ಕರಾರೆಂದು ತಿಳಿದಾಗ ಎಂದು ಅವನ ವಿವರಣೆ. ಆಗ ಅದು ಗ್ರೀಸಿನ ಮಾತಾಗಿ ಕೇಳಿಸಿತ್ತು. ಇನ್ನೂರೈವತ್ತು ರೂಪಾಯಿಯ ಉದ್ರಿಯಲ್ಲಿ ಅದು ಅರ್ಥವಾದೀತೆಂದು ಅಂದುಕೊಂಡಿರಲಿಲ್ಲ. ಸಂತ ತೋಮಸ್ ಅಕ್ವಿನಾಸರು ಕೊಳ್ಳುವ ಮಾರುವ ಧರ್ಮವನ್ನು ಚರ್ಚಿಸುವಾಗ ಇನ್ನೂ ಸೂಕ್ಷ್ಮವಾದ ಒಂದು ಸಂಗತಿಯನ್ನು ಎತ್ತುತ್ತಾರೆ: ಕೊಳ್ಳುವವನ ತೀವ್ರ ಅಗತ್ಯವನ್ನು ನೋಡಿ ಮಾರುವವನು ಬೆಲೆ ಏರಿಸಬಾರದು, ಏಕೆಂದರೆ ಆ ಅಗತ್ಯ ಮಾರುವವನ ಸೊತ್ತಲ್ಲ. ಇಲ್ಲಿ ಬೆಲೆ ಏರಲಿಲ್ಲ, ನಿಜ. ಆದರೆ ಮಾರಾಟ ನಡೆದದ್ದೇ ಇನ್ನೊಂದು ಅಗತ್ಯದ ಬಲದಿಂದ. ತಾಯಿಗೆ ಬೇಕಾಗಿದ್ದದ್ದು ಸೀರೆಯಲ್ಲ, ಮಗುವಿಗೊಂದು ಅಕ್ಕರೆಯ ಕೈ.

ಇದು ನಮ್ಮ ಹಳ್ಳಿಗಳ ದೌರ್ಬಲ್ಯವೆಂದು ಯಾರೂ ತಿಳಿಯಬೇಕಾಗಿಲ್ಲ. ಅಮೆರಿಕದ ಟಪ್ಪರ್‌ವೇರ್ ಡಬ್ಬಿಗಳು 1950ರ ದಶಕದಲ್ಲಿ ಅಂಗಡಿಯನ್ನು ಬಿಟ್ಟು ಮನೆಯ ಕೂಟಗಳಲ್ಲಿ ಮಾರಾಟಗೊಂಡದ್ದು ಇದೇ ಗುಟ್ಟಿನಿಂದ. ಬ್ರೌನೀ ವೈಸ್ ಎಂಬ ಮಹಿಳೆ ಆ ಪದ್ಧತಿಯನ್ನು ಬೆಳೆಸಿದರು. ಗೆಳತಿಯ ಮನೆಯಲ್ಲಿ ಚಹಾ ಕುಡಿದವಳು ಬರಿಗೈಯಲ್ಲಿ ಹೇಗೆ ಎದ್ದು ಬರುವಳು? ನಮ್ಮಲ್ಲಿ ಆ ಕೂಟದ ಜಾಗಕ್ಕೆ ವಾಟ್ಸಾಪ್ ಗುಂಪು ಬಂದಿದೆ. ಮಕ್ಕಳ ರಜೆ, ಚುಚ್ಚುಮದ್ದಿನ ದಿನ ತಿಳಿಸಲೆಂದು ಕಟ್ಟಿದ ಗುಂಪಿನಲ್ಲಿ ರಾತ್ರಿ ಒಂಬತ್ತಕ್ಕೆ ಹತ್ತು ಸೀರೆಗಳ ಫೋಟೋ ಬೀಳುತ್ತದೆ. ಗುಂಪಿನಿಂದ ಹೊರಬಿದ್ದರೆ ಚುಚ್ಚುಮದ್ದಿನ ಸುದ್ದಿಯೂ ತಪ್ಪುತ್ತದೆ. ತಾಯಂದಿರು ಸುಮ್ಮನೆ ಹೆಬ್ಬೆರಳಿನ ಗುರುತು ಒತ್ತಿ ಕೂರುತ್ತಾರೆ. ಇನ್ನು ಕೆಲವರು ‘ನೀವೂ ಸೇರಿ, ಇನ್ನಿಬ್ಬರನ್ನು ಸೇರಿಸಿ’ ಎಂಬ ಸರಪಣಿಗಳನ್ನು ಹಿಡಿದು ಬರುತ್ತಾರೆ. 2021ರ ಡಿಸೆಂಬರಿನಲ್ಲಿ ಹೊರಬಂದ ನೇರ ಮಾರಾಟದ ನಿಯಮಗಳು ಇಂಥ ಪಿರಮಿಡ್ ಯೋಜನೆಗಳನ್ನು ನಿಷೇಧಿಸಿವೆ. ಮಕ್ಕಳ ಅಕ್ಕೋರು ಅತ್ತ ತಲೆ ಹಾಕಲೇಬಾರದು. ಇದರಲ್ಲಿ ನಮಗೆ ಎರಡು ಮಾತಿಲ್ಲ.

ಇಷ್ಟನ್ನೆಲ್ಲ ಮನಸ್ಸಿನಲ್ಲಿ ಕಟ್ಟಿಕೊಂಡು, ಒಂದಿಷ್ಟು ಉಪದೇಶದ ಹುರುಪಿನಿಂದಲೇ, ನಾವು ಆ ಅಕ್ಕೋರನ್ನು ಕರೆಸಿದೆವು. ಹೊಸ್ತಿಲ ಮೇಲಿನ ಮಗುವಿನ ಸಂಗತಿ ಹೇಳಿದೆವು. ಅವರ ಮುಖ ಬಿಳುಚಿತು. ತಾವು ಕೇಳದಿದ್ದುದರಿಂದ ತಾಯಿಗೆ ನಿರಾಳವಾಗಿದೆಯೆಂದೇ ಅವರು ತಿಳಿದಿದ್ದರು. ಮಾರನೆಯ ದಿನ ಲೆಕ್ಕದ ವಹಿಯನ್ನೇ ತಂದು ನಮ್ಮ ಮೇಜಿನ ಮೇಲಿಟ್ಟರು. ಪುಟಗಟ್ಟಲೆ ಹೆಸರು, ಕಂತು, ಬಾಕಿ. ಗಿರಾಕಿಗಳಲ್ಲಿ ಅರ್ಧದಷ್ಟು ಮಂದಿ ಅವರ ಮಕ್ಕಳ ತಾಯಂದಿರೇ. ಲಾಭವೆಂದು ಅವರು ಬರೆದುಕೊಂಡಿದ್ದ ಹಣದಲ್ಲಿ ದೊಡ್ಡ ಪಾಲು ಉದ್ರಿಯಾಗಿ ಊರಲ್ಲೇ ಇತ್ತು. ಬೆಳಗಾವಿಗೆ ಹೋಗಿಬರುವ ಬಸ್ಸಿನ ಖರ್ಚನ್ನು ಎಲ್ಲೂ ಹಿಡಿದಿರಲಿಲ್ಲ, ತಮ್ಮ ಮೈಬೆವರನ್ನಂತೂ ಇಲ್ಲವೇ ಇಲ್ಲ. ನಾವು ಅದನ್ನು ತೋರಿಸಿ, ಇಷ್ಟಕ್ಕಾಗಿ ಈ ವ್ಯಾಪಾರವೇಕೆ ಎಂದು ಕೇಳಿದೆವು. ಅವರು ವಹಿಯನ್ನು ಮುಚ್ಚಿ, ತಲೆ ಎತ್ತದೆ ಹೇಳಿದರು: “ಸೀರಿ ಮಾರೂದು ಬಿಡ್ತೀನ್ರಿ ಫಾದರ್. ಏಪ್ರಿಲ್, ಮೇ ಎರಡು ತಿಂಗಳು ನಮ್ಮ ಮನ್ಯಾಗ ಒಲಿ ಹ್ಯಾಂಗ ಹತ್ತಬೇಕು ಅನ್ನೂದನ್ನ ನೀವ ಹೇಳ್ರಿ.”

ಆ ಶಾಲೆಯ ಆಡಳಿತ ಸಮಿತಿಯಲ್ಲಿ ನಾವೂ ಒಬ್ಬರು. ಶಿಕ್ಷಕಿಯರಿಗೆ ಹತ್ತು ತಿಂಗಳ ಪಗಾರವೆಂಬ ಠರಾವಿನ ಕೆಳಗೆ ನಮ್ಮ ರುಜುವಿದೆ. ವರುಷವರುಷವೂ ಅದನ್ನು ಮುಂದುವರಿಸುವಾಗ, ಉಳಿದ ಎರಡು ತಿಂಗಳು ಈ ಹೆಣ್ಣುಮಕ್ಕಳು ಏನು ಉಣ್ಣುವರು ಎಂದು ಸಭೆಯಲ್ಲಿ ಯಾರೂ ಕೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ದುಡಿಯುವವನಿಗೆ ಕುಟುಂಬ ಸಾಗುವಷ್ಟು ಕೂಲಿ ಸಲ್ಲಬೇಕೆಂದು 1891ರಿಂದ ಜಗದ್ಗುರುಗಳು ಬರೆದದ್ದನ್ನು ನಾವು ಕಾರ್ಮಿಕರ ದಿನದಂದು ಪ್ರತಿವರ್ಷ ಪ್ರಸಂಗಿಸುತ್ತೇವೆ. ಮೇ ಒಂದನೇ ತಾರೀಖು, ನಮ್ಮದೇ ಅಕ್ಕೋರು ಪಗಾರವಿಲ್ಲದೆ ಪೀಠದ ಮುಂದೆ ಕುಳಿತು ಅದನ್ನು ಕೇಳುತ್ತಿದ್ದರು.

ಸಂತ ಪೌಲರು ಕೊರಿಂಥದಲ್ಲಿ ಗುಡಾರ ಹೊಲಿದು ಜೀವನ ಸಾಗಿಸಿದರೆಂದು ಪ್ರೇಷಿತರ ಕಾರ್ಯಕಲಾಪಗಳು ಹೇಳುತ್ತವೆ. ಬೋಧಿಸುವ ಜನರಿಗೆ ಭಾರವಾಗಬಾರದೆಂದು ಹಗಲಿರುಳು ದುಡಿದೆನೆಂದು ಥೆಸಲೋನಿಕದವರಿಗೆ ಅವರೇ ಬರೆದರು. ಎರಡು ದುಡಿಮೆಗೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಕಿಲ್ಲ. ಅವರ ಎರಡನೆಯ ದುಡಿಮೆ ಮೊದಲನೆಯದನ್ನು ಸ್ವತಂತ್ರವಾಗಿಡಲು ಇದ್ದದ್ದು, ಎಂಬುದನ್ನು ಮಾತ್ರ ನಾವು ಅಕ್ಕೋರಿಗೆ ತೋರಿಸಿದೆವು. ಗುಡಾರಗಳನ್ನು ಪ್ರಾರ್ಥನೆಗೆ ಬಂದವರಿಗೇ ಮಾರಿದರೋ ಎಂದು ಅವರು ಕೇಳಿದರು. ಅದು ಬರೆದಿಲ್ಲ ಎಂದೆವು. ಇಬ್ಬರೂ ನಕ್ಕೆವು.

ಜನವರಿಯ ಸಮಿತಿ ಸಭೆ ಸುಲಭವಾಗಿರಲಿಲ್ಲ. ಫೀ ಹೆಚ್ಚಿಸಿದರೆ ಅದೇ ಬಡತಾಯಂದಿರ ಮೇಲೆ ಭಾರ ಬೀಳುತ್ತದೆ, ಹೆಚ್ಚಿಸದಿದ್ದರೆ ಹಣ ಎಲ್ಲಿಂದ? ವಾರ್ಷಿಕೋತ್ಸವದ ಶಾಮಿಯಾನ, ಧ್ವನಿವರ್ಧಕ, ಅತಿಥಿಗಳ ಶಾಲುಗಳನ್ನು ಬಿಡುವುದೆಂದು ಕೊನೆಗೆ ಒಪ್ಪಿಗೆಯಾಯಿತು. ಒಬ್ಬ ಹಿರಿಯರು ಸಿಟ್ಟಿನಿಂದ ಎದ್ದು ಹೋದರು. 2024ರ ಜೂನ್‌ನಿಂದ ಹನ್ನೆರಡು ತಿಂಗಳ ಪಗಾರ. ಅಕ್ಕೋರು ತಮ್ಮ ಕಡೆಯಿಂದ ಮೂರು ಕಟ್ಟುಪಾಡು ಹಾಕಿಕೊಂಡರು: ತಮ್ಮ ತರಗತಿಯ ಮಕ್ಕಳ ಮನೆಗೆ ಮಾರುವುದಿಲ್ಲ, ಶಾಲೆಯ ಗುಂಪಿನಲ್ಲಿ ಸೀರೆಯ ಚಿತ್ರ ಹಾಕುವುದಿಲ್ಲ, ಮಕ್ಕಳ ಪಾಟಿಚೀಲದಲ್ಲಿ ದುಡ್ಡು ತರಿಸಿಕೊಳ್ಳುವುದಿಲ್ಲ. ಅದರಿಂದ ಅವರ ವ್ಯಾಪಾರ ಅರ್ಧಕ್ಕಿಳಿಯಿತು. ಎರಡು ತಿಂಗಳ ಪಗಾರ ಆ ನಷ್ಟವನ್ನು ಪೂರ್ತಿ ತುಂಬುವುದಿಲ್ಲವೆಂಬುದೂ ನಮಗೆ ಗೊತ್ತಿದೆ; ವಹಿಯನ್ನು ನಾವೇ ನೋಡಿದ್ದೇವೆ. ಈಗ ಅವರು ಹೊಲಿಗೆಯನ್ನೂ ಕಲಿಯುತ್ತಿದ್ದಾರೆ. ಗೋಕಾಕದ ರೊಟ್ಟಿಯ ಅಕ್ಕೋರ ವಿಳಾಸವನ್ನು ಅವರಿಗೆ ಕೊಟ್ಟಿದ್ದೇವೆ.

ಇನ್ನೂರೈವತ್ತು ರೂಪಾಯಿಯನ್ನು ಬಿಟ್ಟುಬಿಡುತ್ತೇನೆಂದು ಅಕ್ಕೋರು ಹೇಳಿಕಳುಹಿಸಿದಾಗ ಆ ತಾಯಿ ಒಪ್ಪಲಿಲ್ಲ. “ಬಿಟ್ಟಿ ಸೀರಿ ನಾ ಉಡೂದಿಲ್ರಿ” ಎಂದಳು. ಮಗುವನ್ನು ಮಾತ್ರ ಮರುದಿನವೇ ಶಾಲೆಗೆ ಕಳುಹಿಸಿದಳು. ಕಬ್ಬಿನ ಹಂಗಾಮು ಮುಗಿಯುವವರೆಗೆ ವಾರಕ್ಕೆ ಐವತ್ತರಂತೆ ತೀರಿಸಿದಳು. ಕೊನೆಯ ಐವತ್ತನ್ನು ಶಾಲೆಯ ಬಾಗಿಲಲ್ಲಿ ಕೊಡದೆ, ಸಂಜೆ ಅದೇ ಸೀರೆ ಉಟ್ಟು ಅಕ್ಕೋರ ಮನೆಗೆ ಹೋಗಿ, ಕೊಟ್ಟು, ಚಹಾ ಕುಡಿದು ಬಂದಳಂತೆ.